ಊಹೆ ಇರಲಿ, ಬೆಟ್ಟಿಂಗ್ ಬೇಡ

ಅಕ್ಟೋಬರ್ ಬಂತೆಂದರೆ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಸೀಸನ್ ಶುರು. ಈ ಸಲ ಯಾರು ಗೆಲ್ಲುತ್ತಾರೆಂದು ಗೆಳೆಯರೊಡನೆ ವಾದಿಸುವುದು ನನಗೂ ಇಷ್ಟ. ಒಮ್ಮೆ 50 ರೂಪಾಯಿ ಬೆಟ್ ಕಟ್ಟಿದ್ದೆ. ಮೆಚ್ಚಿನ ಆಟಗಾರ ಕಾಲು ಉಳುಕಿ ಬಿದ್ದಾಗ ನನಗೆ ಮೊದಲು ನೆನಪಾದದ್ದು ನನ್ನ ದುಡ್ಡು. ನಾಚಿಕೆಯಾಗಿ ಅಂದೇ ಬಿಟ್ಟೆ.

2024ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್‌ನ ಜಾಂಟೆ ಪೋರ್ಟರ್, ತಮ್ಮ ಆರೋಗ್ಯದ ಗುಟ್ಟನ್ನು ಬೆಟ್ ಕಟ್ಟುವವರಿಗೆ ಹೇಳಿ, ಬೇಕೆಂದೇ ಪಂದ್ಯದ ನಡುವೆ ಹೊರನಡೆದ ತಪ್ಪಿಗೆ ಆಜೀವ ನಿಷೇಧಕ್ಕೆ ಒಳಗಾದರು. ಅದೇ ಲೀಗ್‌ನಲ್ಲಿ ಬಿಲ್ ರಸೆಲ್ ಬಾಸ್ಟನ್ ಸೆಲ್ಟಿಕ್ಸ್ ಪರ 13 ಸೀಸನ್‌ಗಳಲ್ಲಿ 11 ಬಾರಿ ಚಾಂಪಿಯನ್ ಆದವರು. 2022ರಲ್ಲಿ ಅವರು ತೀರಿಕೊಂಡಾಗ, ಅವರ 6ನೇ ನಂಬರನ್ನು ಇನ್ನು ಯಾರಿಗೂ ಹೊಸದಾಗಿ ಕೊಡುವುದಿಲ್ಲವೆಂದು ಇಡೀ ಲೀಗ್ ತೀರ್ಮಾನಿಸಿತು.

ಗೆಳೆಯರೇ, ಬನ್ನಿ, ಊಹಿಸೋಣ, ಜಗಳವಾಡೋಣ. ಜೇಬಿಗೆ ಮಾತ್ರ ಕೈ ಹಾಕುವುದು ಬೇಡ.