ಮೋಟಾರಿಗೆ ಮಣೆ

ಅಮೆರಿಕದ ಬರ್ಕ್ಲಿ ನಗರದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಒಂದು ಸ್ವಾರಸ್ಯವಾದ ಸಂಪ್ರದಾಯವುಂಟು. ಅಲ್ಲಿಯ ಅಧ್ಯಾಪಕರಲ್ಲಿ ಯಾರಿಗಾದರೂ ನೊಬೆಲ್ ಪಾರಿತೋಷಕವು ದೊರೆತರೆ, ಆವರಣದೊಳಗೆ ಮೋಟಾರು ನಿಲ್ಲಿಸಲು ಮೀಸಲು ಸ್ಥಳವನ್ನು ಕೊಟ್ಟು ಅವರನ್ನು ಗೌರವಿಸುತ್ತಾರೆ. ಲೋಕವೇ ಮನ್ನಿಸಿದ ವಿದ್ವಾಂಸನಿಗೆ ಅಂಗೈಯಗಲ ನೆಲವೇ ಬಹುಮಾನವೇ ಎಂದು ನಗುವವರು, ಆ ದೇಶದ ಕಾಲೇಜುಗಳಲ್ಲಿ ಪ್ರತಿದಿನ ಬೆಳಿಗ್ಗೆ ಮೋಟಾರು ನಿಲ್ಲಿಸಲು ಸ್ಥಳ ಹುಡುಕಿ ಬಳಲುವವರ ಅವಸ್ಥೆಯನ್ನು ಅರಿಯರು. ಅಲ್ಲಿ ಬಾಗಿಲ ಬಳಿಯ ನೆಲಕ್ಕೆ ಅಷ್ಟು ಬೆಲೆ. ವಿದ್ಯೆಗೆ ಸಲ್ಲುವ ಮರ್ಯಾದೆಯೆಂದು ನಾವು ಇದನ್ನು ಮೆಚ್ಚುತ್ತೇವೆ. ಆದರೆ ಇಂಥ ಮರ್ಯಾದೆಯನ್ನೇ ಒಂದು ಜಾತಿಯ ಮೋಟಾರನ್ನು ಕೊಂಡವರಿಗೂ ಸಲ್ಲಿಸುವುದು ನ್ಯಾಯವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪೆಟ್ರೋಲಿನ ಯಂತ್ರ ಮತ್ತು ವಿದ್ಯುತ್ತಿನ ಮೋಟಾರು ಇವೆರಡನ್ನೂ ಕೂಡಿಸಿ, ವೇಗವನ್ನು ತಗ್ಗಿಸುವಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಯಲ್ಲಿ ತುಂಬಿಟ್ಟುಕೊಂಡು ಮತ್ತೆ ಬಳಸುವ ಬಂಡಿಗೆ ಹೈಬ್ರಿಡ್ ಎಂದು ಹೆಸರು. ಟೊಯೋಟಾ ಕಂಪನಿಯ ಪ್ರಿಯಸ್ ಎಂಬ ಬಂಡಿಯು 1997ರಲ್ಲಿ ಜಪಾನಿನಲ್ಲಿಯೂ, 2000ದಲ್ಲಿ ಅಮೆರಿಕದಲ್ಲಿಯೂ ಮಾರಾಟಕ್ಕೆ ಬಂದಿತು. ಪೆಟ್ರೋಲನ್ನು ಉಳಿಸುವ ಈ ಯಂತ್ರವನ್ನು ನಿರ್ಮಿಸಿದವರ ಬುದ್ಧಿಯನ್ನು ಯಾರಾದರೂ ಕೊಂಡಾಡಬೇಕಾದುದೇ. ಅಮೆರಿಕದ ಹಸಿರು ಕಟ್ಟಡ ಮಂಡಲಿಯವರು ಲೀಡ್ ಎಂಬ ತಮ್ಮ ಅಂಕಪದ್ಧತಿಯ 2009ರ ಆವೃತ್ತಿಯಲ್ಲಿ, ಕಡಮೆ ಹೊಗೆಯುಗುಳುವ ಹಾಗೂ ಕಡಮೆ ಇಂಧನವನ್ನು ಬಳಸುವ ಬಂಡಿಗಳಿಗೆ ನಿಲುಗಡೆಯ ಸ್ಥಳಗಳಲ್ಲಿ ನೂರಕ್ಕೆ 5ರಷ್ಟನ್ನು ಬಾಗಿಲ ಸಮೀಪದಲ್ಲಿ ಬಿಟ್ಟುಕೊಟ್ಟ ಕಟ್ಟಡಗಳಿಗೆ ಅಂಕಗಳುಂಟೆಂದು ವಿಧಿಸಿದರು. ಕಾಲೇಜುಗಳು ಕಟ್ಟಡಗಳನ್ನು ಕಟ್ಟಿದವು, ಅಂಕಗಳು ಬೇಕಾದವು, ಹಲಗೆಗಳು ಎದ್ದು ನಿಂತವು. ಮಂಡಲಿಯ ನಿಯಮದಲ್ಲಿ ಹೊಗೆಯನ್ನು ಅಳೆಯುವ ಮಾನದಂಡವಿತ್ತು. ಹಲವು ಹಲಗೆಗಳ ಮೇಲೆ ಉಳಿದದ್ದು ‘ಹೈಬ್ರಿಡ್’ ಎಂಬ ಹೆಸರು ಮಾತ್ರ.

ಹೆಸರು ಬೇರೆ, ಗುಣ ಬೇರೆ. 2008ರ ಸುಮಾರಿನ ಪ್ರಿಯಸ್ ಬಂಡಿಯು ಅಮೆರಿಕದ ಸರ್ಕಾರದ ಲೆಕ್ಕದಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ 46 ಮೈಲಿ ಓಡುತ್ತಿತ್ತು. ಅದೇ ಕಾಲದಲ್ಲಿ ಬಂದ ಲೆಕ್ಸಸ್ ಕಂಪನಿಯ ಒಂದು ವೈಭವದ ಹೈಬ್ರಿಡ್ ಬಂಡಿಗೆ 1 ಲಕ್ಷ ಡಾಲರಿಗೂ ಮೇಲ್ಪಟ್ಟ ಬೆಲೆ. ಅದು ಗ್ಯಾಲನ್ನಿಗೆ ಓಡುತ್ತಿದ್ದುದು ಸುಮಾರು 21 ಮೈಲಿ. ಹೈಬ್ರಿಡ್ ಎಂಬ ಬಿರುದಿಲ್ಲದ ಹೊಂಡಾ ಫಿಟ್ ಎಂಬ ಸಣ್ಣ ಬಂಡಿಯು ಸುಮಾರು 30 ಮೈಲಿ ಓಡುತ್ತಿತ್ತು. ಹಲಗೆಯ ನ್ಯಾಯದಂತೆ ಲಕ್ಷ ಡಾಲರಿನ ಬಂಡಿಗೆ ಬಾಗಿಲ ಬಳಿಯ ನೆರಳು. ಅದಕ್ಕಿಂತ ಕಡಮೆ ಇಂಧನವನ್ನು ಸುಡುವ ಸಣ್ಣ ಬಂಡಿಗೆ ದೂರದ ಬಿಸಿಲು. ಖಾದಿ ಟೋಪಿಯನ್ನು ಧರಿಸಿದವರೆಲ್ಲರೂ ದೇಶಸೇವಕರಲ್ಲವೆಂಬುದನ್ನು ಅನುಭವದಿಂದ ಕಲಿತ ನಮ್ಮ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಇನ್ನೊಂದು ಲೆಕ್ಕವನ್ನೂ ವಾಚಕರು ನೋಡಬೇಕು. ಗ್ಯಾಲನ್ನಿಗೆ 25 ಮೈಲಿ ಓಡುವ ಹಳೆಯ ಬಂಡಿಯೊಂದರಲ್ಲಿ ನಾಲ್ವರು ವಿದ್ಯಾರ್ಥಿಗಳು ಕೂಡಿ ಬಂದರೆ, ಒಂದು ಗ್ಯಾಲನ್ನಿನಲ್ಲಿ ತಲೆಯ ಲೆಕ್ಕಕ್ಕೆ 100 ಮೈಲಿ ಪ್ರಯಾಣವಾಯಿತು. ಪ್ರಿಯಸ್ಸಿನಲ್ಲಿ ಒಬ್ಬನೇ ಬಂದರೆ ಅದು 46 ಮೈಲಿಯೇ. ಬಸ್ಸಿನಲ್ಲಿ ಬಂದವನು ನಿಲುಗಡೆಯ ನೆಲವನ್ನೇ ಕೇಳಲಿಲ್ಲ. ನಡೆದು ಬಂದವನು ಹೊಗೆಯನ್ನೇ ಬಿಡಲಿಲ್ಲ. ಆದರೆ ಹಲಗೆಯಲ್ಲಿ ಇವರಾರ ಹೆಸರೂ ಇಲ್ಲ. ಹೊಸ ಬಂಡಿಯನ್ನು ಕೊಳ್ಳಲು ಹಣವುಳ್ಳವನ ಪುಣ್ಯ ಮಾತ್ರವೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ಸಮೀಪದಲ್ಲಿ ಮನೆಯ ಬಾಡಿಗೆಯನ್ನು ತೆರಲಾರದೆ ದೂರದಿಂದ ಹಳೆಯ ಬಂಡಿಯಲ್ಲಿ ಬರುವ ಅಡಿಗೆಯಾಳು, ಕಸಗುಡಿಸುವ ಹೆಂಗಸು, ರಾತ್ರಿ ದುಡಿದು ಹಗಲು ಓದುವ ಬಡ ವಿದ್ಯಾರ್ಥಿ, ಇವರು ಆ ಬರಿದಾದ ಮೀಸಲು ಸ್ಥಳವನ್ನು ದಾಟಿ ಮುಂದೆ ಹೋಗಬೇಕು. ನಮ್ಮ ನಾಡಿನಿಂದ ಆ ದೇಶಕ್ಕೆ ಓದಲು ಹೋಗುವ ತರುಣರಲ್ಲಿಯೂ ಹಲವರು ಈ ವರ್ಗಕ್ಕೇ ಸೇರಿದವರೆಂಬುದನ್ನು ಮರೆಯಲಾಗದು.

ಹೊಸ ಪದ್ಧತಿಯು ಬೇರೂರುವವರೆಗೆ ಪ್ರೋತ್ಸಾಹವು ಬೇಕು, ಬಾಗಿಲ ಬಳಿಯ ನಾಲ್ಕು ಸ್ಥಳಗಳಿಂದ ಕಾಲೇಜಿಗೆ ನಷ್ಟವೇನೆಂದು ಕೆಲವರು ವಾದಿಸುವರು. ಪ್ರೋತ್ಸಾಹವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹೈಬ್ರಿಡ್ ಕೊಂಡವರಿಗೆ ಅಮೆರಿಕದ ಸರ್ಕಾರವು 2005ರ ಶಾಸನದಿಂದ 3,400 ಡಾಲರುಗಳವರೆಗೆ ತೆರಿಗೆಯ ರಿಯಾಯಿತಿಯನ್ನು ಆಗಲೇ ಕೊಟ್ಟಿತ್ತು. ಕ್ಯಾಲಿಫೋರ್ನಿಯಾ ಸಂಸ್ಥಾನವು, ಹಲವರು ಕೂಡಿ ಪಯಣಿಸುವ ಬಂಡಿಗಳಿಗೆಂದು ಮೀಸಲಾದ ರಸ್ತೆಯ ಸಾಲಿನಲ್ಲಿ ಒಬ್ಬನೇ ಕುಳಿತ ಹೈಬ್ರಿಡ್ ಬಂಡಿಯನ್ನೂ ಬಿಡುವುದಕ್ಕಾಗಿ 85,000 ಹಳದಿ ಚೀಟಿಗಳನ್ನು ಹಂಚಿತು. ಚೀಟಿ ಅಂಟಿದ ಹಳೆಯ ಬಂಡಿಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಬಂದಿತು! ಕಡೆಗೆ 2011ರ ಜುಲೈ 1ರಂದು ಆ ಸವಲತ್ತು ಕೊನೆಗಂಡಿತು. ಹಂಚಿಕೊಂಡು ಪಯಣಿಸುವವರ ಭಾಗವನ್ನು ಕಿತ್ತು ಒಂಟಿಯಾಗಿ ಪಯಣಿಸುವವನಿಗೆ ಕೊಡುವುದು ಪ್ರೋತ್ಸಾಹವಲ್ಲ, ಪಕ್ಷಪಾತ. ಕಾಲೇಜಿನ ಅಂಗಳದಲ್ಲಿಯೂ ನಷ್ಟವಿಲ್ಲವೆಂಬ ಮಾತು ನಿಜವಲ್ಲ. ಆ ನಷ್ಟವನ್ನು ಕಾಲೇಜಿಗೆ ಬದಲಾಗಿ ದೂರ ನಡೆಯುವವನು ತೆರುತ್ತಾನೆ, ಅಷ್ಟೇ.

ಅಂಗವಿಕಲರಿಗೆ ಸ್ಥಳವನ್ನು ಕಾಯ್ದಿಡಬೇಕೆಂದು ಆ ದೇಶದ 1990ರ ಶಾಸನವು ವಿಧಿಸಿದೆ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿಡಬಾರದು. ಅದು ಅವಶ್ಯಕತೆಗೆ ಸಲ್ಲುವ ನ್ಯಾಯ. ಇದು ಖರೀದಿಗೆ ಸಲ್ಲುವ ಸನ್ಮಾನ.

ಹಾಗಾದರೆ ಮಾಡತಕ್ಕದ್ದೇನು? ಅದನ್ನು ಅಮೆರಿಕದ ವಿದ್ಯಾಸಂಸ್ಥೆಗಳೇ ತೋರಿಸಿಕೊಟ್ಟಿವೆ. ವಾಷಿಂಗ್ಟನ್ ವಿಶ್ವವಿದ್ಯಾನಿಲಯವು 1991ರಲ್ಲಿಯೇ ಯೂ-ಪಾಸ್ ಎಂಬ ಏರ್ಪಾಟಿನಿಂದ ತನ್ನ ಜನಕ್ಕೆ ಬಸ್ಸಿನ ಪ್ರಯಾಣವನ್ನು ಸುಲಭಗೊಳಿಸಿತು. ಲಾಸ್ ಏಂಜಲಿಸ್ಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು 2000ದಲ್ಲಿ, ತನ್ನ ಗುರುತಿನ ಚೀಟಿಯನ್ನು ತೋರಿಸಿದವರು ನೆರೆಯ ಸಾಂಟಾ ಮೋನಿಕಾ ನಗರದ ಬಸ್ಸುಗಳಲ್ಲಿ ಕಾಸಿಲ್ಲದೆ ಪಯಣಿಸುವಂತೆ ಮಾಡಿತು. ಅಲ್ಲಿಯೇ ಆಚಾರ್ಯರಾಗಿದ್ದ ಡೊನಾಲ್ಡ್ ಶೂಪರು, ಪುಕ್ಕಟೆಯೆಂದು ಕಾಣುವ ಮೋಟಾರು ನಿಲುಗಡೆಯ ವೆಚ್ಚವನ್ನು ಮೋಟಾರಿಲ್ಲದವರೂ ಸೇರಿ ಎಲ್ಲರೂ ತೆರುತ್ತಾರೆಂಬುದನ್ನು 2005ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಸ್ಥಾಪಿಸಿದರು. ಬಂಡಿಯ ಜಾತಿಯನ್ನು ವಿಚಾರಿಸದೆ ಮನುಷ್ಯನ ನಡತೆಯನ್ನು ವಿಚಾರಿಸುವ ಮಾರ್ಗವಿದು.

ದೂರದ ದೇಶದ ಹಲಗೆಯ ಚರ್ಚೆ ನಮಗೇಕೆಂದು ಕೇಳುವವರಿಗೆ ಒಂದು ಮಾತು. ಆ ಲೀಡ್ ಪದ್ಧತಿಯು ಭಾರತಕ್ಕೂ ಬಂದಿದೆ. ಬೆಂಗಳೂರಿನ ಅನೇಕ ಕಟ್ಟಡಗಳು ಅದರ ಪ್ರಶಸ್ತಿಯನ್ನು ಪಡೆದಿವೆ. ಹೆಸರಿಗೆ ಮರುಳಾಗುವ ರೋಗವೂ ನಮಗೆ ಹೊಸದಲ್ಲ. 2015ರಲ್ಲಿ ಭಾರತ ಸರ್ಕಾರವು ಫೇಮ್ ಎಂಬ ಯೋಜನೆಯಲ್ಲಿ, ವಿದ್ಯುತ್ತಿನ ನೆರವು ಅತ್ಯಲ್ಪವಾಗಿರುವ ಹೈಬ್ರಿಡ್ ಬಂಡಿಗಳಿಗೂ ಬೊಕ್ಕಸದಿಂದ ಸಹಾಯಧನವನ್ನು ಕೊಟ್ಟು, 2017ರ ಏಪ್ರಿಲಿನಿಂದ ಅದನ್ನು ನಿಲ್ಲಿಸಬೇಕಾಯಿತು. ನಮ್ಮ ಕಾಲೇಜುಗಳಲ್ಲಿ ಇಂದಿಗೂ ಬಹುಸಂಖ್ಯಾತ ವಿದ್ಯಾರ್ಥಿಗಳು ಬಸ್ಸಿನಿಂದಿಳಿದು ನಡೆದೇ ಬರುತ್ತಾರೆ. ಮೂರನೆಯ ತರಗತಿಯ ರೈಲುಡಬ್ಬಿಯಲ್ಲಿ ಕುಳಿತು ದೇಶವನ್ನು ಕಂಡ ಮಹಾತ್ಮರು, ಪ್ರಯಾಣದ ವ್ಯವಸ್ಥೆಯನ್ನು ಯಾರ ಕಣ್ಣಿನಿಂದ ನೋಡಬೇಕೆಂಬುದನ್ನು ನಮಗೆ ಕಲಿಸಿಕೊಟ್ಟಿದ್ದಾರೆ. ಪ್ರಶಸ್ತಿಯ ಅಂಕಗಳಿಗಾಗಿ ಹಲಗೆ ನೆಡುವ ಮುನ್ನ ನಮ್ಮ ವಿದ್ಯಾಸಂಸ್ಥೆಗಳ ಅಧಿಕಾರಿವರ್ಗದವರು ಬಸ್ಸಿನ ತಂಗುದಾಣಕ್ಕೆ ನೆರಳು, ನಡೆಯುವವರಿಗೆ ಹಾದಿ, ಸೈಕಲ್ಲಿಗೆ ಚಪ್ಪರ ಇವುಗಳನ್ನು ಒದಗಿಸಲಿ. ಉಳಿದ ಸ್ಥಳದಲ್ಲಿ ಮೊದಲು ಅಶಕ್ತರ ಬಂಡಿ ನಿಲ್ಲಲಿ. ಅನಂತರ ನಾಲ್ವರು ಕೂಡಿ ಬಂದ ಬಂಡಿ ನಿಲ್ಲಲಿ. ವಿದ್ಯಾಮಂದಿರದಲ್ಲಿ ಮಣೆ ಹಾಕುವುದಾದರೆ ಮನುಷ್ಯನಿಗೆ ಹಾಕಬೇಕು, ಮೋಟಾರಿಗಲ್ಲ.