ಗಂಟೆ ಬಾರಿಸುವ ಮುನ್ನ

ಕೆಂಪು ವಾಹನವೊಂದು ಸದ್ದುಮಾಡುತ್ತ ಬೀದಿಯಲ್ಲಿ ಧಾವಿಸಿದಾಗ ನಾವು ದಾರಿ ಬಿಟ್ಟು ನಿಂತು ನೋಡುತ್ತೇವೆ. ಅದು ಕಣ್ಮರೆಯಾದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುತ್ತೇವೆ. ಬೆಂಕಿಯನ್ನು ಆರಿಸುವುದು ಅಗ್ನಿಶಾಮಕ ಠಾಣೆಯವರ ಕೆಲಸ, ನಮ್ಮದಲ್ಲ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಇದು ಎಷ್ಟು ಅಪಾಯಕರವೆಂಬುದಕ್ಕೆ ಇತಿಹಾಸವೇ ಸಾಕ್ಷಿ.

1944ನೆಯ ಇಸವಿ ಏಪ್ರಿಲ್ 14. ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿನಲ್ಲಿ ಸಾವಿರಾರು ಹತ್ತಿಯ ಅಂಡಿಗೆಗಳೂ ಸುಮಾರು 1,400 ಟನ್ ಸ್ಫೋಟಕಗಳೂ ಒಟ್ಟಿಗಿದ್ದವು. ಹತ್ತಿ ಹೊತ್ತಿಕೊಂಡಿತು. ಹೊಗೆ ಕಾಣಿಸಿದುದಕ್ಕೂ ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿದುದಕ್ಕೂ ನಡುವೆ ಅಮೂಲ್ಯವಾದ ಕಾಲ ಕಳೆದುಹೋಯಿತು. ಅಪಾಯಕರ ಸರಕನ್ನು ಸೂಚಿಸುವ ಕೆಂಪು ಬಾವುಟವೂ ಹಡಗಿನ ಮೇಲಿರಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿಯಿತು. ಅಗ್ನಿಶಾಮಕ ದಳದ 66 ಮಂದಿ ಪ್ರಾಣ ತೆತ್ತರು. ಅವರ ಸ್ಮರಣೆಗಾಗಿಯೇ ಏಪ್ರಿಲ್ 14ನ್ನು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. ಅವರಲ್ಲಿ ಶೌರ್ಯಕ್ಕೆ ಕೊರತೆಯಿರಲಿಲ್ಲ. ಅವರು ಬರುವ ಮೊದಲೇ ಇತರರು ಕಾಲವನ್ನು ಕಳೆದಿದ್ದರು.

ಬೆಂಕಿ ಒಂದು ರಾಸಾಯನಿಕ ಕ್ರಿಯೆ. ಇಂಧನ, ಆಮ್ಲಜನಕ, ಉಷ್ಣ ಈ ಮೂರೂ ಕೂಡಿದರೆ ಅದು ಹೊತ್ತುವುದು. ಒಂದನ್ನು ತೆಗೆದರೆ ನಂದುವುದು. ಠಾಣೆಯ ಉಪಕರಣಗಳಲ್ಲಿ ಬಹುಪಾಲು ಈ ಸರಳ ತತ್ತ್ವವನ್ನೇ ಅವಲಂಬಿಸಿವೆ. ಒಂದು ಕಿಲೋಗ್ರಾಂ ಕುದಿಯುವ ನೀರು ಆವಿಯಾಗುವಾಗ ಸುಮಾರು 540 ಕಿಲೋಕ್ಯಾಲೊರಿ ಉಷ್ಣವನ್ನು ಹೀರುತ್ತದೆ. ಆದುದರಿಂದಲೇ ಮರ, ಬಟ್ಟೆಗಳ ಬೆಂಕಿಗೆ ನೀರು ಉತ್ತಮ. ಉರಿಯುವ ಎಣ್ಣೆಗೆ ಅದೇ ನೀರನ್ನು ಸುರಿದರೆ, ಅದು ತಳಕ್ಕಿಳಿದು ತಟಕ್ಕನೆ ಆವಿಯಾಗಿ ಎಣ್ಣೆಯನ್ನು ನಾಲ್ದೆಸೆಗೂ ಎರಚುವುದು. ಅಲ್ಲಿ ಗಾಳಿಯನ್ನು ತಡೆಯುವ ನೊರೆ ಬೇಕು. ಅಡುಗೆಮನೆಯ ಬಾಣಲೆಯಾದರೆ ಒಲೆಯನ್ನು ಆರಿಸಿ, ಮುಚ್ಚಳ ಮುಚ್ಚಿ, ತಣಿಯುವವರೆಗೆ ಮುಟ್ಟದಿರಬೇಕು. ಇದನ್ನು ಪರೀಕ್ಷೆಗಾಗಿ ಓದಿದವರೆಷ್ಟೋ ಮಂದಿ, ಆಪತ್ತಿನಲ್ಲಿ ನೆನೆಯುವವರೆಷ್ಟು?

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳದ ಶಾಸನವಾದುದು 1964ರಲ್ಲಿ. ಶಾಸನದಿಂದ ಠಾಣೆಗಳನ್ನು ಕಟ್ಟಬಹುದು, ಜನರಲ್ಲಿ ಎಚ್ಚರವನ್ನು ಹುಟ್ಟಿಸಲಾಗದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಮಂದಿ ಅಸುನೀಗಿದರು. ಹೊಗೆಯಿಂದ ಉಸಿರು ಕಟ್ಟಿ, ದಾರಿಗಾಣದೆ, ಕೆಲವರು ಕಿಟಕಿಗಳಿಂದ ಧುಮುಕಿದರು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೊಗ್ಲೋಬಿನ್ನನ್ನು ಸೇರಿ, ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಠಾಣೆಯ ಏಣಿ ಬರುವವರೆಗೂ ಅದು ಕಾಯುವುದಿಲ್ಲ. ಆ ಹೊತ್ತಿನಲ್ಲಿ ಜೀವ ಉಳಿಸುವುದು ತೆರೆದಿರುವ ಬಾಗಿಲು, ಅಡೆತಡೆಯಿಲ್ಲದ ಮೆಟ್ಟಿಲು.

ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ವರ್ಷಕ್ಕೊಮ್ಮೆ ತನ್ನ ವಿದ್ಯಾರ್ಥಿಗಳನ್ನು ಸಮೀಪದ ಅಗ್ನಿಶಾಮಕ ಠಾಣೆಗೆ ಕರೆದೊಯ್ಯಬೇಕೆಂಬುದು ನಮ್ಮ ಅಭಿಪ್ರಾಯ. ಪಾಠಗಳ ಹೊರೆಯೇ ಸಾಕಾಗಿದೆಯೆಂದು ಕೆಲವರು ಆಕ್ಷೇಪಿಸಬಹುದು. ಇದು ಹೊಸ ಹೊರೆಯಲ್ಲ. ದಹನಕ್ರಿಯೆಯ ಪಾಠಕ್ಕೆ ಅದಕ್ಕಿಂತ ಉತ್ತಮವಾದ ಪ್ರಯೋಗಶಾಲೆ ದೊರೆಯದು.

ವಿದ್ಯಾರ್ಥಿಮಿತ್ರರೇ, ಅಲ್ಲಿಯವರೆಗೆ ಒಂದು ಕೆಲಸ ಮಾಡಿರಿ. ನಾಳೆ ನಿಮ್ಮ ಶಾಲೆಯ ಹಿಂಬದಿಯ ಮೆಟ್ಟಿಲುಗಳ ಬಳಿಗೆ ಹೋಗಿ, ಬಾಗಿಲಿಗೆ ಬೀಗ ಬಿದ್ದಿದೆಯೇ ನೋಡಿರಿ. ಬಿದ್ದಿದ್ದರೆ ಮುಖ್ಯೋಪಾಧ್ಯಾಯರಿಗೆ ವಿನಯದಿಂದ ತಿಳಿಸಿರಿ. ಅಗ್ನಿಶಾಮಕ ಠಾಣೆಗೆ ನೀವು ಮಾಡಬಹುದಾದ ಮೊದಲ ಸಹಾಯ ಅದೇ.