ಮನೆವಾರ್ತೆ: ಚೀಟಿಯ ವೇಗವೂ ಓಟದ ವೇಗವೂ



ಈ ಸಲದ ಟಪಾಲಿನಲ್ಲಿ ಡೊಂಬಿವಲಿಯಿಂದ ಬಂದ ಒಂದು ಕಾಗದವು ನಮ್ಮನ್ನು ಈ ಅಂಕಣದ ಮಾಮೂಲು ವಿಷಯಗಳಿಂದ ಕೊಂಚ ಆಚೆಗೆ ಎಳೆದಿದೆ. ಬರೆದವರು ಸಂಘದ ಹಳೆಯ ಸದಸ್ಯರು. ಇಂಜಿನಿಯರಿಂಗ್ ಓದುವ ಮಗನಿಗಾಗಿ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಒಂದೊಂದೇ ಭಾಗವನ್ನು ಆರಿಸಿ ಕಂಪ್ಯೂಟರ್ ಕಟ್ಟಿಸಿದರಂತೆ. ರ್ಯಾಮಿನ ಪೆಟ್ಟಿಗೆಯ ಮೇಲೆ 3200 ಎಂದು ದಪ್ಪಗೆ ಅಚ್ಚಾಗಿದೆ. ಮನೆಗೆ ತಂದು ನೋಡಿದರೆ ಯಂತ್ರವು 2133 ಎನ್ನುತ್ತದೆ! ತಂದೆ ಅಂಗಡಿಯವನನ್ನು ಶಂಕಿಸಿದರು, ತಾಯಿ, “ಆರಿಸಿದವನು ನಿಮ್ಮ ಮಗನೇ ಅಲ್ಲವೇ?” ಎಂದರು, ಮಗ ಆ ರಾತ್ರಿ ಊಟಕ್ಕೇಳಲಿಲ್ಲ. “ಇದು ಮೂರು ತಿಂಗಳ ಓವರ್‌ಟೈಮಿನ ದುಡ್ಡು. ನಾವು ಮೋಸಹೋದೆವೋ ಹೇಗೆ, ತಿಳಿಸಿಕೊಡಬೇಕು” ಎಂದು ಕೇಳಿದ್ದಾರೆ.

ಮೋಸವಾಗಿರಲಿಕ್ಕಿಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಕೊಂಡ ಸಾಮಾನು ಸಾಚಾ ಆಗಿದ್ದರೂ ಯಂತ್ರವು ಅದನ್ನು ಪೂರ್ಣ ವೇಗದಲ್ಲಿ ಓಡಿಸದಿರುವುದುಂಟು. ಓಡಿಸೆಂದು ನಾವೇ ಅಪ್ಪಣೆ ಕೊಡಬೇಕಾಗುತ್ತದೆ. ಇದೇಕೆ ಹೀಗೆ, ಅಪ್ಪಣೆ ಕೊಡುವುದು ಹೇಗೆ, ಕೊಡುವುದು ಎಲ್ಲರಿಗೂ ಅವಶ್ಯವೇ ಎಂಬ ಮೂರು ಮಾತುಗಳನ್ನು ಇಲ್ಲಿ ವಿಚಾರಿಸೋಣ.

ಮೊದಲು ರ್ಯಾಮ್ ಎಂದರೇನು? ಮಾಟುಂಗದ ಯಾವುದಾದರೊಂದು ಉಡುಪಿ ಹೋಟೆಲಿನ ಅಡಿಗೆಮನೆಯನ್ನು ನೆನೆಯಿರಿ. ಒಲೆಯ ಮುಂದೆ ನಿಂತ ಭಟ್ಟರೇ ಪ್ರೊಸೆಸರ್. ಹಿಂದಿನ ಉಗ್ರಾಣವೇ ಡಿಸ್ಕು; ಅಕ್ಕಿ, ಉದ್ದು, ಬೆಲ್ಲ ಅಲ್ಲಿ ಬೇಕಾದಷ್ಟಿದೆ, ಆದರೆ ದೂರ. ಆ ಹೊತ್ತಿಗೆ ಬೇಕಾದ ಹಿಟ್ಟು, ಪಲ್ಯ, ಚಟ್ನಿ ಮಾತ್ರ ಒಲೆಯ ಪಕ್ಕದ ಕಟ್ಟೆಯ ಮೇಲಿರುತ್ತವೆ. ಆ ಕಟ್ಟೆಯೇ ರ್ಯಾಮ್. ಕಟ್ಟೆ ಎಷ್ಟು ಅಗಲ ಎಂಬುದು ಗಿಗಾಬೈಟಿನ ಲೆಕ್ಕ. ಕಟ್ಟೆಯಿಂದ ಸಾಮಾನನ್ನು ಭಟ್ಟರ ಕೈಗೆ ಎತ್ತಿಕೊಡುವ ಮಾಣಿ ಎಷ್ಟು ಚುರುಕು ಎಂಬುದು 3200ರ ಲೆಕ್ಕ. ರಾತ್ರಿ ಹೋಟೆಲು ಮುಚ್ಚುವಾಗ ಕಟ್ಟೆ ತೊಳೆದಿಡುವಂತೆ, ವಿದ್ಯುತ್ತು ನಿಂತೊಡನೆ ರ್ಯಾಮಿನಲ್ಲಿದ್ದುದೆಲ್ಲ ಅಳಿಯುತ್ತದೆ.

ಈ ಕಟ್ಟೆಯ ಚರಿತ್ರೆಯಲ್ಲಿ ನಮ್ಮ ಮುಂಬಯಿಗೂ ಒಂದು ಮಾನದ ಸ್ಥಾನವಿದೆ. ಇಲ್ಲಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ಮುಂದಾಳ್ತನದಲ್ಲಿ ನಮ್ಮ ಜನರೇ ಒಂದು ಕಂಪ್ಯೂಟರನ್ನು ಕಟ್ಟಿ 1960ರಲ್ಲಿ ಕೆಲಸಕ್ಕೆ ಹಚ್ಚಿದರು. 1962ರಲ್ಲಿ ಪಂಡಿತ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಅದರ ಸ್ಮರಣೆಯು ಸಣ್ಣ ಸಣ್ಣ ಫೆರೈಟ್ ಬಳೆಗಳನ್ನು ತಂತಿಗಳಲ್ಲಿ ಪೋಣಿಸಿ ಹೆಣೆದದ್ದು. ಒಂದೊಂದೂ 40 ಬಿಟ್ಟಿನ 2048 ಪದಗಳು ಅದರಲ್ಲಿ ಹಿಡಿಯುತ್ತಿದ್ದವು. ಲೆಕ್ಕ ಹಾಕಿದರೆ ಬರಿಯ 10 ಕಿಲೋಬೈಟು. ಈಗ ನೀವು ಓದುತ್ತಿರುವ ಈ ಲೇಖನವನ್ನು ಇಂದಿನ ಕನ್ನಡ ಅಕ್ಷರ ಸಂಕೇತದಲ್ಲಿ ತುಂಬಿದ್ದರೆ ಅದು ಅಲ್ಲಿ ಹಿಡಿಸುತ್ತಿರಲಿಲ್ಲ. ಒಂದು ಪದವನ್ನು ತೆಗೆದು ಮತ್ತೆ ಇಡುವುದಕ್ಕೆ 15 ಮೈಕ್ರೊಸೆಕೆಂಡು ಬೇಕಾಗುತ್ತಿತ್ತು. ಇಂದು ಅಂಗೈಯಲ್ಲಿ ಹಿಡಿಯುವ 8 ಗಿಗಾಬೈಟಿನ ಒಂದು ಪಟ್ಟಿ ಅದರ ಎಂಟು ಲಕ್ಷ ಪಟ್ಟಿಗಿಂತಲೂ ಹೆಚ್ಚು ಹಿಡಿಯುತ್ತದೆ. ಕೇಳಿದ್ದನ್ನು ಎತ್ತಿಕೊಡುವ ಕೆಲಸವೂ ಸಾವಿರಾರು ಪಟ್ಟು ತೀವ್ರವಾಗಿದೆ. ಹೀಗಿದ್ದೂ 3200ರ ಜಾಗದಲ್ಲಿ 2133 ಕಂಡಾಗ ನಮ್ಮ ಮನಸ್ಸಿಗೆ ಮುಳ್ಳು ಚುಚ್ಚುತ್ತದೆ. ಅದು ಸಹಜವೇ, ನಾವು ದುಡ್ಡು ಕೊಟ್ಟಿರುವುದು 3200ಕ್ಕೆ.

ಈಗ ಕಾರಣಕ್ಕೆ ಬರೋಣ. ಸ್ಮರಣೆಯ ಪಟ್ಟಿಗಳ ಅಳತೆ, ವೇಗ, ವೋಲ್ಟೇಜುಗಳನ್ನು ನಿಗದಿಮಾಡುವ ಜೆಡೆಕ್ ಎಂಬ ಸಂಸ್ಥೆಯಿದೆ. ಯಾವ ಕಂಪೆನಿಯ ಪಟ್ಟಿಯನ್ನು ಯಾವ ಬೋರ್ಡಿಗೆ ಸಿಕ್ಕಿಸಿದರೂ ನಡೆಯಬೇಕೆಂಬುದೇ ಅದರ ಉದ್ದೇಶ. ಪ್ರತಿ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ಪಿನಲ್ಲಿ ಅದರ ಗುಣಾವಳಿ ಬರೆದಿರುತ್ತದೆ. ಯಂತ್ರವನ್ನು ಚಾಲೂ ಮಾಡಿದೊಡನೆ ಮದರ್‌ಬೋರ್ಡ್ ಅದನ್ನು ಓದಿ, ಜೆಡೆಕ್ ಒಪ್ಪಿದ ನಿಶ್ಚಿಂತೆಯ ವೇಗವನ್ನು ಆರಿಸಿಕೊಳ್ಳುತ್ತದೆ. ಪಟ್ಟಿಯ ತಯಾರಕನು ತಾನು ಪರೀಕ್ಷಿಸಿ ಭರವಸೆ ಕೊಟ್ಟ ಹೆಚ್ಚಿನ ವೇಗವೂ ಅದೇ ಚಿಪ್ಪಿನಲ್ಲಿ ಬೇರೊಂದು ಪುಟದಲ್ಲಿದೆ; ಆದರೆ ಆ ಪುಟವನ್ನು ಬೋರ್ಡು ತಾನಾಗಿ ತೆರೆಯುವುದಿಲ್ಲ. ಈ ಪುಟಕ್ಕೆ ಇಂಟೆಲ್ ಕಂಪೆನಿಯು 2007ರಲ್ಲಿ ಎಕ್ಸ್‌ಎಂಪಿ ಎಂಬ ರೂಪ ಕೊಟ್ಟಿತು. ಎಎಮ್‌ಡಿ ಕಂಪೆನಿಯು 2022ರಲ್ಲಿ ಎಕ್ಸ್‌ಪೊ ಎಂಬ ತನ್ನದೇ ರೂಪವನ್ನು ತಂದಿತು.

ನಮ್ಮ ಹೋಟೆಲಿನ ಮಾತಿನಲ್ಲಿಯೇ ಹೇಳುವುದಾದರೆ, ಊರಿನಿಂದ ಹೊಸದಾಗಿ ಬಂದ ಮಾಣಿ ಆರು ಟೇಬಲು ನೋಡಿಕೊಳ್ಳಬಲ್ಲನೆಂದು ಅವನ ಪರಿಚಯಪತ್ರ ಹೇಳುತ್ತದೆ. ಗಲ್ಲೆಯಲ್ಲಿ ಕುಳಿತ ಯಜಮಾನರು ಮೊದಲ ದಿನ ಎರಡೇ ಟೇಬಲು ಕೊಡುತ್ತಾರೆ. ಅದು ಅವಮಾನವಲ್ಲ, ಎಚ್ಚರಿಕೆ. ಆದರೆ ಆ ಪತ್ರವನ್ನು ಯಾರೂ ಬಿಡಿಸಿ ನೋಡದೆ ಹೋದರೆ ಹುಡುಗ ವರ್ಷಗಟ್ಟಲೆ ಎರಡೇ ಟೇಬಲಿನಲ್ಲಿ ಉಳಿಯುತ್ತಾನೆ. ಎಷ್ಟೋ ಮನೆಗಳಲ್ಲಿ ರ್ಯಾಮಿನ ಗತಿ ಇದೇ ಆಗಿದೆ.

ಅಪ್ಪಣೆ ಕೊಡುವ ಮುಂಚೆ ಈಗಿನ ವೇಗವನ್ನು ಸರಿಯಾಗಿ ಓದಬೇಕು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಎಂಬುದನ್ನು ಒತ್ತಿದರೆ ವೇಗ ಕಾಣುತ್ತದೆ. ಸಿಪಿಯು-ಝಡ್‌ನಂಥ ಪ್ರೋಗ್ರಾಮುಗಳು 3200ರ ಪಟ್ಟಿಗೆ 1600 ಎಂದು ತೋರಿಸುತ್ತವೆ. ಅದನ್ನು ಕಂಡು ಗಾಬರಿಯಾಗಬೇಡಿ. ತಾಳ ಹಾಕುವಾಗ ಕೈ ಬಡಿದಾಗ ಒಮ್ಮೆ, ಎತ್ತಿದಾಗ ಒಮ್ಮೆ ಸ್ವರ ಹಿಡಿದಂತೆ, ಈ ಬಗೆಯ ರ್ಯಾಮು ಒಂದು ಏಟಿಗೆ ಎರಡು ಸಲ ಸಾಮಾನು ಸಾಗಿಸುತ್ತದೆ. ಏಟುಗಳನ್ನೆಣಿಸಿದರೆ 1600, ಸಾಗಣೆಗಳನ್ನೆಣಿಸಿದರೆ 3200. ಎರಡೂ ಒಂದೇ.

ಇನ್ನು ಅಪ್ಪಣೆಯ ಕ್ರಮ. ಮೊದಲು ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ. ಯಂತ್ರವನ್ನು ಆರಿಸಿ ಮತ್ತೆ ಹಚ್ಚುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಿದ್ದರೆ ಬಯಾಸ್ ಎಂಬ ಮೂಲ ವ್ಯವಸ್ಥೆಯ ಪುಟ ತೆರೆಯುತ್ತದೆ. ಅಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಹೆಸರನ್ನು ಹುಡುಕಿ. ಆಸುಸ್ ಕಂಪೆನಿಯ ಕೆಲವು ಎಎಮ್‌ಡಿ ಬೋರ್ಡುಗಳಲ್ಲಿ ಅದೇ ಸಂಗತಿಗೆ ಡಿಓಸಿಪಿ ಎಂದಿರುತ್ತದೆ. ಮೊದಲನೆಯ ಪ್ರೊಫೈಲನ್ನು ಆರಿಸಿ, ಎಫ್10 ಒತ್ತಿ ಉಳಿಸಿದರೆ ಯಂತ್ರ ಮರಳಿ ಏಳುತ್ತದೆ. ಮತ್ತೆ ಟಾಸ್ಕ್ ಮ್ಯಾನೇಜರ್ ನೋಡಿರಿ. ಸಾಮಾನ್ಯವಾಗಿ ಕೆಲಸ ಇಷ್ಟಕ್ಕೇ ಮುಗಿಯುತ್ತದೆ.

ಡಿಡಿಆರ್5 ಎಂಬ ಹೊಸ ಪೀಳಿಗೆಯ ರ್ಯಾಮುಳ್ಳವರು ಇಲ್ಲೊಂದು ಮಾತು ನೆನಪಿಡಬೇಕು. ಅಪ್ಪಣೆ ಕೊಟ್ಟ ಮೇಲಿನ ಮೊದಲ ಸಲ ಪರದೆಯು ಕೆಲವು ನಿಮಿಷಗಳವರೆಗೆ ಕಪ್ಪಾಗಿಯೇ ಇರಬಹುದು. ಬೋರ್ಡೂ ರ್ಯಾಮೂ ಒಂದಕ್ಕೊಂದು ಹೊಂದಿಕೊಳ್ಳುವ ಅಭ್ಯಾಸ ನಡೆಸುತ್ತಿರುತ್ತವೆ. ಯಂತ್ರ ಕೆಟ್ಟಿತೆಂದು ಸ್ವಿಚ್ಚು ಆರಿಸತಕ್ಕದ್ದಲ್ಲ. ಒಂದು ಲೋಟ ಕಾಫಿ ಕುಡಿದು ಬನ್ನಿ. ನಿಜವಾಗಿಯೇ ಏಳದಿದ್ದರೆ, ಅನೇಕ ಬೋರ್ಡುಗಳು ಎರಡು ಮೂರು ಸಲ ಯತ್ನಿಸಿ ತಾವೇ ಹಳೆಯ ವೇಗಕ್ಕೆ ಮರಳುತ್ತವೆ. ಮರಳದಿದ್ದರೆ ವಿದ್ಯುತ್ತಿನ ವಯರು ಕಿತ್ತು, ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಸಾಮಾನ್ಯವಾಗಿ ಹಳೆಯ ಸ್ಥಿತಿ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಬೋರ್ಡಿನ ಕೈಪಿಡಿಯಲ್ಲಿ ಉಪಾಯ ಹೇಳಿರುತ್ತದೆ.

ಅಪ್ಪಣೆ ಕೊಟ್ಟರೂ ವೇಗ ಏರದಿರುವುದಕ್ಕೆ ಬೇರೆ ಕಾರಣಗಳಿವೆ. ಪಟ್ಟಿಗಳನ್ನು ತಪ್ಪು ಸ್ಥಾನದಲ್ಲಿ ಸಿಕ್ಕಿಸಿರುವುದು ಒಂದು. ನಾಲ್ಕು ಸ್ಥಾನಗಳ ಬೋರ್ಡಿನಲ್ಲಿ ಎರಡೇ ಪಟ್ಟಿಗಳಿದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳೇ ಸಾಮಾನ್ಯವಾಗಿ ಸರಿ. ಬೇರೆ ಬೇರೆ ಕಾಲದಲ್ಲಿ ಕೊಂಡ ಪಟ್ಟಿಗಳನ್ನು ಕೂಡಿಸಿರುವುದು ಇನ್ನೊಂದು. ಆಗ ಎಲ್ಲವೂ ಅತಿ ನಿಧಾನದ್ದರ ಹೆಜ್ಜೆಗೇ ಹೆಜ್ಜೆ ಹಾಕಬೇಕು. ಎರಡರ ಬದಲು ನಾಲ್ಕು ಪಟ್ಟಿ ತುಂಬಿದಾಗಲೂ, ವಿಶೇಷವಾಗಿ ಡಿಡಿಆರ್5ರಲ್ಲಿ, ವೇಗ ಇಳಿಸಬೇಕಾಗಿ ಬರುವುದು ಸಾಮಾನ್ಯ.

ಮೂರನೆಯ ಕಾರಣ ಬೋರ್ಡು ಮತ್ತು ಪ್ರೊಸೆಸರುಗಳ ಮೇಲ್ಮಿತಿ. ಉದಾಹರಣೆಗೆ, 2020ರಲ್ಲಿ ಬಂದ ಇಂಟೆಲ್ಲಿನ ಹತ್ತನೆಯ ಪೀಳಿಗೆಯ ಐ5 ಪ್ರೊಸೆಸರನ್ನು ಬಿ460 ಬೋರ್ಡಿನಲ್ಲಿ ಕೂರಿಸಿದರೆ ರ್ಯಾಮು 2666ನ್ನು ದಾಟುವುದಿಲ್ಲ, ಪಟ್ಟಿ ಎಷ್ಟೇ ಬೆಲೆಯದಿರಲಿ. ಅನೇಕ ಲ್ಯಾಪ್‌ಟಾಪುಗಳಲ್ಲಿ ಆಯ್ಕೆಯ ಪುಟವೇ ಇರುವುದಿಲ್ಲ. ಯಂತ್ರ 2666ಕ್ಕೆ ಒಪ್ಪುವಂಥದಾದರೆ 3200ರ ಪಟ್ಟಿಯೂ 2666ರಲ್ಲೇ ಓಡುತ್ತದೆ. ಅಂಥ ಕಡೆ ಹೆಚ್ಚಿನ ವೇಗಕ್ಕೆಂದು ಹೆಚ್ಚು ದುಡ್ಡು ಕೊಡುವುದು ವ್ಯರ್ಥ.

ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನೂ ಓದುವ ಅಭ್ಯಾಸವಿರಲಿ. 3200ರಲ್ಲೇ ಎರಡು ಜಾತಿಗಳಿವೆ. 1.2 ವೋಲ್ಟ್, ಸಿಎಲ್22 ಎಂದಿದ್ದರೆ ಅದು ಜೆಡೆಕ್ಕಿನ ಸಾದಾ 3200. ಬೋರ್ಡು ಒಪ್ಪಿದರೆ ಯಾರ ಅಪ್ಪಣೆಯೂ ಇಲ್ಲದೆ ಅದೇ ವೇಗದಲ್ಲಿ ಓಡುತ್ತದೆ. 1.35 ವೋಲ್ಟ್, ಸಿಎಲ್16 ಎಂದಿದ್ದರೆ ಅಪ್ಪಣೆ ಬೇಕಾದ ಜಾತಿ. ಸಿಎಲ್ ಎಂಬುದು ಕೇಳಿದ ಮೇಲೆ ಮೊದಲ ತುತ್ತು ಬರುವವರೆಗಿನ ಏಟುಗಳ ಸಂಖ್ಯೆ. ಮೊದಲನೆಯದಕ್ಕೆ ಸುಮಾರು 14 ನ್ಯಾನೊಸೆಕೆಂಡು, ಎರಡನೆಯದಕ್ಕೆ 10 ನ್ಯಾನೊಸೆಕೆಂಡು ಆಗುತ್ತದೆ. ಆದುದರಿಂದ ದೊಡ್ಡ ಅಂಕಿಯೊಂದನ್ನೇ ನೋಡಿ ಹೋಲಿಸತಕ್ಕದ್ದಲ್ಲ.

ವೇಗ ಸಿಕ್ಕಿತು ಎಂದು ಹಿಗ್ಗುವ ಮುಂಚೆ ಇನ್ನೊಂದು ಪರೀಕ್ಷೆ ಅಗತ್ಯ. ನಿಮ್ಮ ಪ್ರೊಸೆಸರಿಗೆ ಇಂಟೆಲ್ ಅಥವಾ ಎಎಮ್‌ಡಿ ಗೊತ್ತುಮಾಡಿದ ಮಿತಿಗಿಂತ ಹೆಚ್ಚಿನ ಈ ವೇಗಗಳನ್ನು ಅವರು ನಿಗದಿ ಮೀರಿದ ಓಟವೆಂದೇ ಎಣಿಸುತ್ತಾರೆ. ಪ್ರೊಸೆಸರಿನ ವಾರಂಟಿಯ ಷರತ್ತನ್ನು ಮೊದಲೇ ಓದಿಕೊಳ್ಳಿ. ಪಟ್ಟಿಯ ತಯಾರಕನು ಕೊಟ್ಟ ಮಾತು ಪಟ್ಟಿಯ ಮಟ್ಟಿಗೆ ಮಾತ್ರ. ನಿಮ್ಮ ಬೋರ್ಡಿನ, ನಿಮ್ಮ ಪ್ರೊಸೆಸರಿನ ಪರವಾಗಿ ಅವನು ಮಾತು ಕೊಟ್ಟಿಲ್ಲ. ಮೂವರಲ್ಲಿ ಒಬ್ಬನು ಹಿಂದೆ ಬಿದ್ದರೆ ಯಂತ್ರ ಒಮ್ಮೆಲೇ ನಿಲ್ಲಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ನಿಲ್ಲದೆ ಮೌನವಾಗಿ ತಪ್ಪು ಮಾಡಬಹುದು. ಒಂದು ಬಿಟ್ಟು ಆಚೀಚೆಯಾದ ಕಡತ ಇಂದು ಉಳಿಸಿದಾಗ ಚೆನ್ನಾಗಿಯೇ ಕಾಣುತ್ತದೆ. ಮಗನ ಕೊನೆಯ ವರ್ಷದ ಪ್ರಾಜೆಕ್ಟೋ, ಸಂಘದ ಲೆಕ್ಕಪತ್ರವೋ, ಊರಿನ ಮದುವೆಯ ಚಿತ್ರಗಳೋ, ಬೇಕಾದ ದಿನ ತೆರೆಯುವುದಿಲ್ಲ. ಆದುದರಿಂದ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ಪ್ರೋಗ್ರಾಮನ್ನು ಒಂದು ರಾತ್ರಿ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ವೇಗವನ್ನು ಒಂದು ಮೆಟ್ಟಿಲು ಇಳಿಸಿ 3000 ಅಥವಾ 2933 ಮಾಡಿ ಮತ್ತೆ ಪರೀಕ್ಷಿಸಿ. ಜೆಡೆಕ್ಕಿನ ಮೂಲವೇಗಕ್ಕೆ ಇಳಿದರೂ ತಪ್ಪು ನಿಲ್ಲದಿದ್ದರೆ ಆ ಪಟ್ಟಿಯನ್ನೇ ಬದಲಿಸಿಕೊಡಲು ಅಂಗಡಿಯವರನ್ನು ಕೇಳುವ ಹಕ್ಕು ನಿಮಗಿದೆ. ಒಂದು ಮೆಟ್ಟಿಲು ಇಳಿಯುವುದರಲ್ಲಿ ನಾಚಿಕೆಯೇನಿಲ್ಲ. ಭಟ್ಟರ ಕೈಗೆ ಉಪ್ಪಿನ ಬದಲು ಸಕ್ಕರೆ ಎತ್ತಿಕೊಡುವ ಮಾಣಿ ಎಷ್ಟು ಚುರುಕಾಗಿದ್ದರೇನು?

ಕೊನೆಯದಾಗಿ, ಇಷ್ಟೆಲ್ಲ ಶ್ರಮ ಯಾರಿಗೆ ಬೇಕು? ಕಾಗದ ಬರೆಯುವವರಿಗೆ, ಆನ್‌ಲೈನ್ ಪಾಠ ಕೇಳುವ ಮಕ್ಕಳಿಗೆ, ಅಂಗಡಿಯ ಲೆಕ್ಕ ಇಡುವವರಿಗೆ 2133ಕ್ಕೂ 3200ಕ್ಕೂ ಇರುವ ಅಂತರ ಅನುಭವಕ್ಕೆ ಬರುವುದು ಕಷ್ಟ. ವಿಡಿಯೋ ಜೋಡಿಸುವವರಿಗೆ ಸ್ವಲ್ಪ ಲಾಭವುಂಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದೆ ಪ್ರೊಸೆಸರಿನೊಳಗಿನ ಚಿತ್ರಶಕ್ತಿಯನ್ನೇ ನೆಚ್ಚಿಕೊಂಡವರಿಗೆ ಚೆನ್ನಾಗಿಯೇ ತಿಳಿಯುತ್ತದೆ, ಏಕೆಂದರೆ ಅದಕ್ಕೆ ಬೇರೆ ಕಟ್ಟೆಯಿಲ್ಲ. ಇದೇ ರ್ಯಾಮಿನಿಂದ ಎತ್ತಿಕೊಳ್ಳಬೇಕು. ಅಂಥವರು 16 ಗಿಗಾಬೈಟಿನ ಒಂದೇ ಪಟ್ಟಿಯ ಬದಲು 8ರ ಎರಡು ಪಟ್ಟಿಗಳನ್ನು ಹಾಕಿಸಿದರೆ ಎರಡು ದಾರಿಗಳಲ್ಲಿ ಸಾಗಣೆ ನಡೆದು ಹೆಚ್ಚು ಪ್ರಯೋಜನವಾದೀತು. ರ್ಯಾಮೇ ಸಾಲದೆ ಯಂತ್ರ ತಡಬಡಿಸುತ್ತಿದ್ದರೆ ಮೊದಲು ಕಟ್ಟೆಯನ್ನು ಅಗಲ ಮಾಡಿಸಿ. ಮಾಣಿಯ ಚುರುಕು ಆಮೇಲೆ. 2025ರ ಉತ್ತರಾರ್ಧದಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಸ್ಮರಣೆಯ ಬೆಲೆ ಎಲ್ಲೆಡೆ ಮೇಲಕ್ಕೇರಿದ್ದನ್ನು ಕಂಡವರಿಗೆ ಈ ವಿವೇಚನೆಯ ಬೆಲೆ ತಿಳಿದೇ ಇದೆ.

ಗ್ರ್ಯಾಂಟ್ ರೋಡ್ ಸ್ಟೇಶನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ, ಅಂದರೆ ಈಗಿನ ಡಾ. ಭಡಕಮಕರ್ ಮಾರ್ಗಕ್ಕೆ, ಮಕ್ಕಳೊಡನೆ ಹೋಗುವ ತಂದೆತಾಯಿಗಳಿಗೆ ನಮ್ಮದೊಂದು ಬಿನ್ನಹ. ಬೋರ್ಡಿನ ಹೆಸರು, ಪ್ರೊಸೆಸರಿನ ಹೆಸರು, ರ್ಯಾಮಿನ ಅಂಕಿ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, “ಈ ಮೂರೂ ಕೂಡಿ ಎಷ್ಟರಲ್ಲಿ ಓಡುತ್ತವೆ?” ಎಂದು ಕೊಳ್ಳುವ ಮೊದಲೇ ಕೇಳಿರಿ. ಯಂತ್ರ ಕಟ್ಟಿಯಾದ ಮೇಲೆ ಅಲ್ಲಿಯೇ ಹಚ್ಚಿಸಿ, ಅಂಕಿಯನ್ನು ಕಣ್ಣಾರೆ ಕಂಡು, ಬಿಲ್ಲಿನಲ್ಲಿ ಪಟ್ಟಿಯ ಪೂರ್ಣ ಹೆಸರನ್ನು ಬರೆಸಿಕೊಂಡು ಹೊರಡಿರಿ. ಮನೆಯಲ್ಲಿ ಈಗಾಗಲೇ ಯಂತ್ರವುಳ್ಳವರು ಬರುವ ಭಾನುವಾರ ಒಮ್ಮೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಲಿ. ತಿಳಿದ ತರುಣರು ತಿಳಿಯದ ಹಿರಿಯರ ಮನೆಗೆ ಹೋಗಿ ನೋಡಿಕೊಟ್ಟರೆ ಇನ್ನೂ ಸಂತೋಷ. ಅರ್ಧ ಗಂಟೆಯ ಕೆಲಸ, ಮೇಲೆ ಒಂದು ಲೋಟ ಕಾಫಿಯಂತೂ ಖಂಡಿತ.